ಶಗುಫ್ತಾಳ ಹದಿನಾಲ್ಕು ಚೀಲಗಳು

ಶಗುಫ್ತಾ ತೀರಿಕೊಂಡು ಐದು ತಿಂಗಳಾಗಿತ್ತು. ಜುಲೈ ಮೊದಲ ವಾರ ಅವಳ ತಾಯಿ ಅಜೀಜಾಬಿ ಅಳ್ನಾವರದಿಂದ ಫೋನ್ ಮಾಡಿದರು. ಮಗಳ ಟ್ರಂಕನ್ನು ಅಂದು ಮೊದಲ ಸಲ ತೆಗೆದಿದ್ದರಂತೆ. ಅರಿವೆಗಳ ಕೆಳಗೆ ಅಂಗೈಯಗಲದ ಬಟ್ಟೆಯ ಚೀಲಗಳು ಸಿಕ್ಕವಂತೆ. ಬಾಯಿಗೆ ಲಾಡಿ, ಮೇಲೆ ಕೆಂಪು ದಾರದಲ್ಲಿ ಹೊಲಿದ ಅಂಕಿ.

“ಹದಿನಾಲ್ಕ ಅದಾವ ನೋಡವಾ. ಎಲಿ ಅಡಿಕಿ ಚೀಲಾ ಅನ್ಬೇಕಂದ್ರ ಆಕಿ ಎಲಿ ತಿಂದಾಕಿ ಅಲ್ಲ. ಏನ ಮಾಡ್ಲಿ ಇವನ್ನ?”

ನಾಳೆಯೇ ಬಂದು ಒಯ್ಯುತ್ತೇನೆ, ಒಂದೂ ಕಳೆಯದಂತೆ ಇಡಿ ಎಂದೆ. ಅವು ಏನೆಂದು ಫೋನಿನಲ್ಲಿ ಹೇಳುವುದು ನನ್ನಿಂದ ಆಗಲಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಶಗುಫ್ತಾಳ ತಂದೆ ಅಳ್ನಾವರದ ಸ್ಟೇಷನ್ ರಸ್ತೆಯಲ್ಲಿ ಟೇಲರ್ ಆಗಿದ್ದರು. ಏಳನೆಯ ವರ್ಷದಲ್ಲಿ ಅವಳಿಗೆ ಕೀಲುಗಳು ಬಾತು ಜ್ವರ ಬಂತು. ಜ್ವರ ಹೋಯಿತು, ಹೃದಯದ ಒಂದು ಕವಾಟವನ್ನು ಕೆಡಿಸಿ ಹೋಯಿತು. ಓಡಬೇಡ, ಮೆಟ್ಟಿಲು ಹತ್ತಬೇಡ ಎಂದು ಡಾಕ್ಟರು ಹೇಳಿದ್ದರಿಂದ, ಶಾಲೆ ಬಿಟ್ಟ ಮೇಲೆ ಅಂಗಡಿಯ ಮುಂದೆ ಸ್ಟೂಲ್ ಹಾಕಿಕೊಂಡು ಅಂಗಿಗಳಿಗೆ ಕಾಜಾ ಹಾಕುತ್ತ, ಗುಂಡಿ ಹಚ್ಚುತ್ತ ಕೂರುತ್ತಿದ್ದಳು. ಎದುರಿನ ಅರಳಿಮರದಲ್ಲಿ ಬೆಳ್ಳಕ್ಕಿಗಳು ಗೂಡು ಕಟ್ಟುತ್ತಿದ್ದವು. ಕೂತಲ್ಲೇ ಕೂತು ಆಡಬಹುದಾದ ಆಟ ತನಗೆ ಅದೊಂದೇ ಇತ್ತು ಎನ್ನುತ್ತಿದ್ದಳು. ಯಾವ ಗೂಡಿನಲ್ಲಿ ಎಷ್ಟು ಮರಿ, ಯಾವುದು ಬಿತ್ತು, ಯಾವುದು ಹಾರಿತು ಎಂದು ಅಪ್ಪನ ಅಳತೆಪುಸ್ತಕದ ಹಿಂದಿನ ಹಾಳೆಗಳಲ್ಲಿ ಬರೆದಿಡುತ್ತಿದ್ದಳಂತೆ. ಒಂದು ಸಲ ಯಾರದೋ ಮದುವೆಯ ಪ್ಯಾಂಟಿನ ಅಳತೆ ಬೆಳ್ಳಕ್ಕಿ ಮರಿಗಳೊಡನೆ ಕಲಸಿಹೋಗಿ ಅಂಗಡಿಯಲ್ಲಿ ಜಗಳವೇ ಆಯಿತಂತೆ.

ಮುಂದೆ ಧಾರವಾಡದಲ್ಲಿ ಪ್ರಾಣಿಶಾಸ್ತ್ರ ಓದಿದಳು. ಒಂಬತ್ತು ವರ್ಷ ಬೇರೆ ಬೇರೆ ಕಾಲೇಜುಗಳಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದಳು. ಪ್ರತಿ ವರ್ಷ ಬೇಸಿಗೆಗೆ ನೌಕರಿ ಮುಗಿಯುವುದು, ಮಳೆಗಾಲಕ್ಕೆ ಮತ್ತೆ ಅರ್ಜಿ ಹಾಕುವುದು. ಮೂವತ್ತಾರನೆಯ ವಯಸ್ಸಿನಲ್ಲಿ ಒಂದು ಸಂಸ್ಥೆಯ ಸಂಶೋಧನಾ ಫೆಲೋಶಿಪ್ಪಿಗೆ ಅರ್ಜಿ ಹಾಕಿದಳು. ಮಹತ್ವದ ಜೀವವೈವಿಧ್ಯ ತಾಣಗಳ ಮೇಲೆ ನಿಗಾ ಇಡುವ, ಅವುಗಳನ್ನು ಉಳಿಸುವ ಕೆಲಸ. ಒಬ್ಬೊಬ್ಬರು ಒಂದೊಂದು ತಾಣ ಆರಿಸಿಕೊಂಡು ಮೂರು ವರ್ಷ ಅಲ್ಲಿಯೇ ಇರಬೇಕು. ಯಾವ ಜೀವಿ ಎಷ್ಟಿದೆ, ಹೆಚ್ಚುತ್ತಿದೆಯೋ ಕಡಿಮೆಯಾಗುತ್ತಿದೆಯೋ, ಅದಕ್ಕೆ ಏನು ಕುತ್ತು ಬಂದಿದೆ ಎಂದು ಒಂದೇ ಕ್ರಮದಲ್ಲಿ ನೋಡಿ ಬರೆಯಬೇಕು. ಬರೆದದ್ದು ಗಟ್ಟಿಯಾಗಿದ್ದರೆ ತಾಣದ ಹೆಸರು ಪಟ್ಟಿಗೆ ಸೇರುತ್ತದೆ. ಪಟ್ಟಿಗೆ ಸೇರಿದ ಮಾತ್ರಕ್ಕೆ ಒಂದು ಜಾಗ ಉಳಿಯುವುದಿಲ್ಲ, ಆದರೆ ಕಡಿಯಲು ಬಂದವರು ಒಂದು ಮಾತು ಕೇಳಿ ಕಡಿಯಬೇಕಾಗುತ್ತದೆ ಎಂದು ಅವಳು ಹೇಳಿದ್ದಳು.

ಅವಳು ಆರಿಸಿದ್ದು ಕಲಘಟಗಿ ತಾಲೂಕಿನ ನಮ್ಮೂರಿನ ಕೆರೆಯನ್ನು, ಆ ಕೆರೆಗೆ ನೀರು ತರುವ ಹಳ್ಳವನ್ನು. ನಾನು ಊರ ಪಂಚಾಯಿತಿಯ ಗ್ರಂಥಾಲಯ ನೋಡಿಕೊಳ್ಳುವವಳು. ಅದರ ಹಿಂದಿನ ಕೋಣೆಯನ್ನು ಬಾಡಿಗೆಗೆ ಹಿಡಿದಳು. ವಾರದೊಳಗೆ ನಾವು ಏಕವಚನಕ್ಕೆ ಇಳಿದಿದ್ದೆವು, ಅವಳು ನನ್ನನ್ನು ದಾನಿ ಎಂದೇ ಕರೆಯುತ್ತಿದ್ದಳು. ಊರವರಿಗೆ ಮಾತ್ರ ಅವಳ ಕೆಲಸ ಏನೆಂದು ತಿಳಿಯಲಿಲ್ಲ. ಹಕ್ಕಿ ಎಣಿಸುವುದಕ್ಕೂ ಸರಕಾರ ಪಗಾರ ಕೊಡುತ್ತದೆಯೇ ಎಂದು ಚಹಾದಂಗಡಿಯಲ್ಲಿ ಯಾರೋ ಕೇಳಿದರು.

“ಸರಕಾರದ್ದಲ್ರಿ ಇದು,” ಅಂದಳು ಶಗುಫ್ತಾ. “ಸರಕಾರದ್ದಾಗಿದ್ರ ಹಕ್ಕಿ ಬಿಟ್ಟು, ಪಗಾರ ಬರೂ ದಿನಾ ಎಣಸ್ಕೋತ ಕೂಡ್ತಿದ್ದೆ. ಒಂಬತ್ತ ವರ್ಷ ಅದನ್ನ ಮಾಡೇನಿ.”

ಅವಳು ಮುಖ್ಯವಾಗಿ ನೋಡಬೇಕಾಗಿದ್ದುದು ಬಿಳಿಕತ್ತಿನ ಕೊಕ್ಕರೆಯನ್ನು. ಕಪ್ಪು ಮೈ, ಕುತ್ತಿಗೆಗೆ ಬಿಳಿ ಮಫ್ಲರ್ ಸುತ್ತಿಕೊಂಡಂತೆ ಕಾಣುವ ದೊಡ್ಡ ಹಕ್ಕಿ. ಬೆಳ್ಳಕ್ಕಿಗಳ ಹಾಗೆ ಒಂದೇ ಮರದಲ್ಲಿ ಹತ್ತಾರು ಗೂಡು ಕಟ್ಟುವುದಿಲ್ಲ, ಒಂದು ಜೋಡಿಗೆ ಒಂದು ಮರ. ಹಳ್ಳದ ದಂಡೆಯ ಹೊಳೆಮತ್ತಿ, ಅತ್ತಿ, ಹುಣಸೆ ಎಂದು ಹದಿನಾಲ್ಕು ದೊಡ್ಡ ಮರಗಳಿಗೆ ಅವಳು ಅಂಕಿ ಕೊಟ್ಟಿದ್ದಳು. ಮೊದಲ ವರ್ಷ ಮೈಯಲ್ಲಿ ಇನ್ನೂ ಕಸುವಿತ್ತು. ತಿಂಗಳಿಗೊಂದು ಸುತ್ತಿನಂತೆ ಜುಲೈಯಿಂದ ನವೆಂಬರಿನವರೆಗೆ ಐದು ಸುತ್ತು ತಾನೇ ನಡೆದು, ಅಲ್ಲಲ್ಲಿ ಕೂತು ಉಸಿರು ತಿರುಗಿಸಿಕೊಂಡು, ಎಲ್ಲ ಮರಗಳನ್ನೂ ನೋಡಿದಳು. ನಾಲ್ಕರಲ್ಲಿ ಬೆಳ್ಳಕ್ಕಿ ಮತ್ತು ಕೆಂಬರಲುಗಳ ಗುಂಪು ಗೂಡುಗಳು. ಉಳಿದ ಹತ್ತರಲ್ಲಿ ಒಂಬತ್ತರಲ್ಲಿ ಒಂದೊಂದು ಕೊಕ್ಕರೆ ಗೂಡು. ಒಂದೇ ಹಳ್ಳದ ಮೇಲೆ ಒಂಬತ್ತು ಸಿಗುತ್ತವೆಂದು ಅವಳೇ ನಂಬಿರಲಿಲ್ಲ.

ಆ ಚಳಿಗಾಲದ ಗ್ರಾಮಸಭೆಯಲ್ಲಿ ಹಳ್ಳ ಅಗಲ ಮಾಡುವ ಮಾತು ಬಂತು. ಕೆರೆಗೆ ನೀರು ಬೇಗ ಬರಲೆಂದು ದಂಡೆಯ ಮರಗಳನ್ನು ತೆಗೆಯಬೇಕು ಎಂದರು. ಶಗುಫ್ತಾ ಎದ್ದು ನಿಂತು, ನೀರು ಬೇಕು, ನಿಜ, ಆದರೆ ಗೂಡಿರುವ ಮರ ಬಿಡಿ ಎಂದು ಬೇಡಿಕೊಂಡಳು. ಮುಂದಿನ ವರ್ಷ ಅವಳು ಕೊಡುವ ಎಣಿಕೆಯಲ್ಲಿ ಗೂಡಿರುವ ಮರಗಳನ್ನು ಬಿಟ್ಟು, ಇಲ್ಲದವನ್ನು ಕಡಿಯುವವರಿಗೆ ಲಿಲಾವಿನಲ್ಲಿ ಕೂಗಿ ಮಾರುವುದೆಂದು ಠರಾವಾಯಿತು. ಅವಳ ಮಾತಿಗೆ ಊರು ಅಷ್ಟು ಬೆಲೆ ಕೊಟ್ಟಿತೆಂದು ನಾವಿಬ್ಬರೂ ಅಂದು ಗಿರಮಿಟ್ ತಿಂದು ಬಂದೆವು.

ಎರಡನೆಯ ವರ್ಷ ಮಳೆಗಾಲ ಹಿಡಿಯುವ ಹೊತ್ತಿಗೆ ಅವಳ ಕಾಲು ಬಾಯತೊಡಗಿದವು. ಹುಬ್ಬಳ್ಳಿಯ ಡಾಕ್ಟರು ಹೊಲ-ಹಳ್ಳ ತಿರುಗುವುದನ್ನು ನಿಲ್ಲಿಸಿದರು. ಕೆರೆಯ ಒಡ್ಡಿನ ಮೇಲೆ ಕುರ್ಚಿ ಹಾಕಿಕೊಂಡು ಹತ್ತಿರದ ಹಕ್ಕಿಗಳನ್ನು ನೋಡಬಹುದಿತ್ತು. ಹಳ್ಳದ ಹದಿನಾಲ್ಕು ಮರಗಳಿಗೆ ಬೇರೆ ಕಣ್ಣು ಬೇಕಿತ್ತು. ನಾನು ಶಂಕ್ರಪ್ಪ ಕಾಕಾರ ಹೆಸರು ಹೇಳಿದೆ.

ಶಂಕ್ರಪ್ಪ ಕಾಕಾ ನಲವತ್ತು ವರ್ಷದಿಂದ ಊರಿನ ಕಣಗಳಲ್ಲಿ ರಾಶಿ ಅಳೆಯುವವರು. ಅವರು ಅಳೆದ ರಾಶಿಯನ್ನು ಯಾರೂ ಎರಡನೆಯ ಸಲ ಅಳೆಯುವುದಿಲ್ಲ. ಓದುಬರಹ ಬಾರದು. ಅಳತೆಗೊಂದರಂತೆ ಕಲ್ಲು ಉಡಿಗೆ ಹಾಕಿಕೊಳ್ಳುತ್ತಾರೆ, ಕೊನೆಗೆ ಕಲ್ಲು ಎಣಿಸುತ್ತಾರೆ. ಹಕ್ಕಿಗೂ ಹಾಗೆಯೇ ಮಾಡುತ್ತೇನೆ ಎಂದರು. ಶಗುಫ್ತಾ ಅಪ್ಪನ ಅಂಗಡಿಯ ತುಂಡು ಬಟ್ಟೆ ತರಿಸಿ ಮರಕ್ಕೊಂದು ಚೀಲ ಹೊಲಿದಳು, ಅಂಕಿ ಹಾಕಿದಳು. ಹಳ್ಳದಲ್ಲಿ ಬಿಳಿ ಬೆಣಚುಕಲ್ಲು ಬೇಕಾದಷ್ಟಿದ್ದವು. ಗೂಡಿಗೊಂದು ಕಲ್ಲು. ಒಂದು ಕಟ್ಟು ಮಾತ್ರ ಹಾಕಿದಳು: ಏನು ಕಂಡಿತೆಂದು ಬಾಯಿಂದ ಹೇಳಬಾರದು. ಕೇಳಿದರೆ ತನ್ನ ಆಸೆ ಅದರಲ್ಲಿ ಸೇರುತ್ತದೆ, ಹೇಳಿದರೆ ಅವರ ನೆನಪು ಕಲಸುತ್ತದೆ, ಚೀಲವೇ ಹೇಳಲಿ ಎಂದಳು. ಕಾಕಾಗೆ ಅದು ಹೊಸದೇನಲ್ಲ. ರಾಶಿಯಾಗಲಿ ಗೂಡಾಗಲಿ, ಬಾಯಿಬಿಟ್ಟು ಆಡಿದರೆ ದೃಷ್ಟಿ ತಾಗುತ್ತದೆ ಎಂದು ನಂಬಿದವರು ಅವರು.

ಜುಲೈಯ ಚೀಲಗಳು ಬಂದವು. ಗುಂಪು ಗೂಡುಗಳ ನಾಲ್ಕು ಚೀಲಗಳಲ್ಲಿ ಕಲ್ಲುಗಳಿದ್ದವು, ಉಳಿದ ಹತ್ತು ಖಾಲಿ. ಕೊಕ್ಕರೆ ತಡವಾಗಿ ಕೂತಿರಬೇಕು ಅಂದಳು. ಆಗಸ್ಟಿನಲ್ಲೂ ಹತ್ತು ಖಾಲಿ. ಸೆಪ್ಟೆಂಬರಿನಲ್ಲಿ ತಾನೇ ಹಾಕಿದ ಕಟ್ಟನ್ನು ಮುರಿದು ಕೇಳಿದಳು.

“ಕಾಕಾ, ಹಳ್ಳದ ಚೀಲ ಖಾಲಿನ ಬರಾಕತ್ತಾವಲ್ರಿ?”

“ಹೌದವಾ, ಖಾಲಿನ,” ಅಂದರು ಕಾಕಾ, ಅದರಲ್ಲೇನು ವಿಶೇಷ ಎಂಬಂತೆ. ಹೆಗಲ ವಸ್ತ್ರ ಕೊಡವಿಕೊಂಡು ಹೋದರು.

ಅಕ್ಟೋಬರು, ನವೆಂಬರು ಹಾಗೆಯೇ ಕಳೆದವು. ಅಂಕಿಗಳನ್ನು ಕಂಪ್ಯೂಟರಿಗೆ ಹಾಕುತ್ತಿದ್ದವಳು ನಾನು. ಐದು ಸುತ್ತು, ಹತ್ತು ಮರ, ಐವತ್ತು ಸೊನ್ನೆ. ಅವಳು ಹಿಂದೆ ನಿಂತು ನೋಡುತ್ತಿದ್ದಳು. ತಾನು ಬಂದ ಮೇಲೆ ಹಕ್ಕಿ ಊರು ಬಿಟ್ಟವು ಎನ್ನುವುದು ಅವಳ ತಲೆಯಲ್ಲಿ ಕೂತುಬಿಟ್ಟಿತ್ತು. ಅನ್ನ ಕಲಸಿ ಕಲಸಿ ಬಿಡುತ್ತಿದ್ದಳು. ಡಿಸೆಂಬರ್ ಮೊದಲ ವಾರ ವರದಿಗೆ ಸಹಿ ಮಾಡಿ ಸಂಸ್ಥೆಗೊಂದು, ಪಂಚಾಯಿತಿಗೊಂದು ಕಳಿಸಿದಳು. ಮೂರೇ ದಿನದಲ್ಲಿ ಹತ್ತು ಮರಗಳ ಮೇಲೂ ಕೆಂಪು ಬಣ್ಣದ ಗುರುತು ಬಿತ್ತು. ಮುಂದಿನ ಸೋಮವಾರ ಲಿಲಾವು.

ಅದರ ಹಿಂದಿನ ಗುರುವಾರ ಕಾಕಾರ ಸ್ವಂತ ಹೊಲದ ಭತ್ತದ ರಾಶಿ. ನಮ್ಮಿಬ್ಬರನ್ನೂ ಊಟಕ್ಕೆ ಕರೆದಿದ್ದರು. ಅವಳಿಗೆ ಮನಸ್ಸಿರಲಿಲ್ಲ, ಹೋಗದಿದ್ದರೆ ಕಾಕಾ ನೊಂದುಕೊಳ್ಳುತ್ತಾರೆಂದು ಬಂದಳು. ಕಣದ ಅಂಚಿಗೆ ಎತ್ತಿನ ಚಕ್ಕಡಿ ಬಿಟ್ಟಿದ್ದರು, ಅದರ ಮೇಲೆ ಕೂತಳು. ನಡುವೆ ಮೇಟಿ ಕಂಬ, ಅದರ ಬದಿಗೆ ತೂರಿ ಮಾಡಿದ ಭತ್ತದ ಗುಡ್ಡೆ. ಮಿಂದು ಮಡಿಯುಟ್ಟ ಕಾಕಾ ಮೂಡಲಿಗೆ ಮುಖ ಮಾಡಿ ಕೂತರು. ಮೊದಲ ಬುಟ್ಟಿ ತುಂಬಿ, “ಲಾಭ” ಎಂದು, ರಾಶಿಯ ಕಾಳಿಗೆ ಸೇರಿಸದೆ ಬೇರೆ ಹಾಸಿದ ಬಟ್ಟೆಯ ಮೇಲೆ ಸುರಿದರು. ಕೈಯಲ್ಲಿದ್ದ ಕಲ್ಲನ್ನು ಮೇಟಿಯ ಬುಡಕ್ಕೆ ಇಟ್ಟರು. ಎರಡನೆಯ ಬುಟ್ಟಿಗೆ “ಒಂದು” ಎಂದು ಕಲ್ಲನ್ನು ಉಡಿಗೆ ಹಾಕಿಕೊಂಡರು.

ಶಗುಫ್ತಾ ನನ್ನ ಮೊಣಕೈ ಹಿಡಿದಳು.

“ದಾನಿ, ಆ ಮೊದಲನೇ ಕಲ್ಲು ಉಡಿಗೆ ಹೋಗಲಿಲ್ಲ ಬೇ.”

ಮೊದಲ ಅಳತೆಗೆ ಲಾಭ ಅನ್ನುವುದು ನಾನು ಹುಟ್ಟಿದಾಗಿನಿಂದ ಕೇಳಿದ್ದೇ. ನಮ್ಮ ಮನೆಯಲ್ಲಿ ಲಾಭ ಅಂದರೂ ಅದು ಲೆಕ್ಕಕ್ಕೆ ಬರುತ್ತದೆ, ಅದಾದ ಮೇಲೆ ಎರಡು. ಕಾಕಾರ ಮನೆತನದಲ್ಲಿ ಅದನ್ನು ದೇವರಿಗೆ ಬಿಟ್ಟು ಮುಂದಿನದರಿಂದ ಎಣಿಸುತ್ತಾರೆಂದು ನನಗೂ ಗೊತ್ತಿರಲಿಲ್ಲ. ಊರಿನವರಿಗೆ ಅವರು ಅಳೆದು ಕೊಟ್ಟಾಗ ದೇವರ ಬುಟ್ಟಿ ಕಣ್ಣೆದುರಿಗೇ ಇರುತ್ತಿತ್ತು, ಯಾರಿಗೂ ಏನೂ ಮುಚ್ಚಿರಲಿಲ್ಲ. ನಮಗೆ ಬರುತ್ತಿದ್ದುದು ಚೀಲ ಮಾತ್ರ.

ಆದರೆ ಕೇಳುವ ಹಾಗಿರಲಿಲ್ಲ. ರಾಶಿ ಮುಗಿಯುವವರೆಗೆ ಅಳೆಯುವವರು ಲೆಕ್ಕ ಬಿಟ್ಟು ಬೇರೆ ಮಾತಾಡುವುದಿಲ್ಲ, ಅವರನ್ನು ಯಾರೂ ಮಾತಾಡಿಸುವುದೂ ಇಲ್ಲ. ಒಂದೂವರೆ ತಾಸು ಕೂತೆವು. ಕಾಕಾರ ಸೊಸೆ ಶಿವಗಂಗವ್ವ ಎರಡು ಸಲ ಮಜ್ಜಿಗೆ ತಂದು ಕೊಟ್ಟಳು, ಶಗುಫ್ತಾ ಲೋಟವನ್ನು ಹಿಡಿದುಕೊಂಡೇ ಇದ್ದಳು. ಕೊನೆಯ ಬುಟ್ಟಿ ಸುರಿದು, ಕಾಕಾ ರಾಶಿಯ ತಳಕ್ಕೆ ಕೈಮುಗಿದು ಎದ್ದರು. ಶಗುಫ್ತಾ ಚಕ್ಕಡಿಯಿಂದ ಇಳಿದಳು.

“ಕಾಕಾ, ಮೊದಲನೇ ಬುಟ್ಟಿ ಎಣಿಕಿಗೆ ಬಂತೋ ಇಲ್ಲೋ?”

“ಅದ್ಯಾಕ ಬರ್ತದವಾ? ಅದು ದೇವರ ಪಾಲು.”

“ಮತ್ತ ಹಳ್ಳದ ಗಿಡಕ್ಕ?”

“ಅಲ್ಲೂ ಹಂಗ. ಮೊದಲನೇ ಗೂಡಿನ ಕಲ್ಲು ಗಿಡದ ಬುಡಕ್ಕ. ಉಳದಾವು ಚೀಲಕ್ಕ.”

“ಒಂದ ಗೂಡಿತ್ತಂದ್ರ?”

“ಬುಡಕ್ಕ ಒಂದು. ಚೀಲ ಖಾಲಿ.” ಕಾಕಾ ಅವಳ ಮುಖ ನೋಡಿದರು. “ಖಾಲಿ ಬರಾಕತ್ತಾವಲ್ಲಾ ಅಂತ ನೀವ ಕೇಳಿದ್ರಿ. ಹೌದಂದೆ.”

ಶಗುಫ್ತಾ ಹುಲ್ಲಿನ ಮೇಲೆ ಕೂತುಬಿಟ್ಟಳು. ನಗುತ್ತಿದ್ದಳು, ನಗುವಷ್ಟು ಉಸಿರಿರಲಿಲ್ಲ. ಬೆಳ್ಳಕ್ಕಿ ಮರಗಳಲ್ಲಿ ಒಂದೊಂದು ಗೂಡು ಕಡಿಮೆ ಬಿದ್ದದ್ದು ಯಾರಿಗೂ ತಿಳಿಯುವಂತಿರಲಿಲ್ಲ. ಒಂಟಿಯಾಗಿ ಗೂಡು ಕಟ್ಟುವ ಹಕ್ಕಿ ಮಾತ್ರ ಪೂರ್ತಿ ದೇವರ ಪಾಲಾಗಿ ನಮ್ಮ ಕಾಗದದಿಂದ ಹಾರಿಹೋಗಿತ್ತು.

ಕಾಕಾಗೆ ಎಲ್ಲ ತಿಳಿಸಿ ಹೇಳಿದಾಗ ಅವರು ತಲೆಯ ರುಮಾಲು ತೆಗೆದು ತೊಡೆಯ ಮೇಲಿಟ್ಟುಕೊಂಡರು. “ನಾ ಅಳದದ್ದು ಸುಳ್ಳಾತೇನವಾ?” ಎಂದು ಮೆತ್ತಗೆ ಕೇಳಿದರು.

“ನಿಮ್ಮದು ಸುಳ್ಳಾಗಿಲ್ರಿ ಕಾಕಾ. ಸುಳ್ಳಿಗೆ ಸಹಿ ಹಾಕ್ದಾಕಿ ನಾನು.”

ಅಂದೇ ಸಂಜೆ ಸಂಸ್ಥೆಯಲ್ಲಿ ಅವಳ ಕೆಲಸ ನೋಡುತ್ತಿದ್ದ ಪ್ರಭಂಜನ ಅವರಿಗೆ ಫೋನ್ ಮಾಡಿದಳು. ಮುಚ್ಚಿಡದೆ ಹೇಳಿದಳು. ಸುಮ್ಮನಿದ್ದು ಸೊನ್ನೆಯಿದ್ದಲ್ಲೆಲ್ಲ ಒಂದು ಎಂದು ತಿದ್ದಿದ್ದರೆ ಯಾರೂ ಕೇಳುತ್ತಿರಲಿಲ್ಲ ಎಂದು ನಾನು ಅಂದದ್ದಕ್ಕೆ, ಎಲ್ಲ ಸೊನ್ನೆಯ ಹಿಂದೂ ಒಂದು ಗೂಡಿದೆ ಅಂತ ನಿನಗೆ ಹೇಗೆ ಗೊತ್ತು ಎಂದು ನನ್ನನ್ನೇ ಬೈದಳು. ಪ್ರಭಂಜನ ಅವರೂ ಅದನ್ನೇ ಕೇಳಿದರಂತೆ. ಆ ಬುಡದ ಕಲ್ಲುಗಳು ಇನ್ನೂ ಇದ್ದರೆ ಮರಮರಕ್ಕೂ ಫೋಟೋ ತೆಗೆದು ಕಳಿಸಿ, ಇಲ್ಲದಿದ್ದರೆ ಎರಡನೆಯ ವರ್ಷದ ಹಳ್ಳದ ಎಣಿಕೆಯನ್ನೇ ಕೈಬಿಡಬೇಕಾಗುತ್ತದೆ ಎಂದರಂತೆ. ಎಣಿಕೆ ಕೈಬಿಟ್ಟರೆ ಪಂಚಾಯಿತಿಗೆ ತೋರಿಸುವುದಕ್ಕೂ ಏನೂ ಉಳಿಯುವುದಿಲ್ಲ.

ಶುಕ್ರವಾರ ಬೆಳಗ್ಗೆ ಕಾಕಾ ಚಕ್ಕಡಿ ಹೂಡಿ ತಂದರು. ಅವಳು ಬರಬೇಡವೆಂದರೆ ಕೇಳಲಿಲ್ಲ. ಚಕ್ಕಡಿಗೆ ಹುಲ್ಲು ಹಾಸಿ, ಮೇಲೆ ಕೌದಿ ಹಾಕಿ ಕೂರಿಸಿದೆವು. ಅಪ್ಪನ ಟೇಲರ್ ಟೇಪನ್ನು ಕೊರಳಿಗೆ ಹಾಕಿಕೊಂಡಿದ್ದಳು. ಫೋಟೋದಲ್ಲಿ ಕಲ್ಲಿನ ಬದಿಗೆ ಅಳತೆ ಕಾಣಬೇಕಂತೆ.

ಮೊದಲು ಸಿಕ್ಕ ಹೊಳೆಮತ್ತಿಯ ಬುಡದಲ್ಲಿ ಏನೂ ಇರಲಿಲ್ಲ. ಒಣ ಎಲೆ, ಆಡಿನ ಹಿಕ್ಕೆ. ಇಲ್ಲಿ ಆಡು ಮೇಯಿಸುತ್ತಾರೆ, ಐದು ತಿಂಗಳ ಕಲ್ಲು ಎಲ್ಲಿಂದ ಉಳಿಯಬೇಕು ಎಂದುಕೊಂಡೆ. ಶಗುಫ್ತಾ ಚಕ್ಕಡಿಯ ಅಂಚು ಹಿಡಿದು ನೋಡುತ್ತಿದ್ದಳು. ಕಾಕಾ ಮೊಣಕಾಲೂರಿ ಎರಡು ಬೇರುಗಳ ಸಂದಿನಿಂದ ಎಲೆ ಬಾಚಿ ತೆಗೆದರು. ಅಲ್ಲಿದ್ದವು. ಐದು ಬಿಳಿ ಕಲ್ಲು, ಸಾಲಾಗಿ.

“ದೇವರಿಗೆ ಇಟ್ಟದ್ದನ್ನ ಕಾಲಾಗ ಇಡ್ತಾರೇನವಾ?” ಅಂದರು.

ತಲೆಯೆತ್ತಿದರೆ ಮೇಲಿನ ಕವಲಿನಲ್ಲಿ ಬುಟ್ಟಿಯಗಲದ ಕಡ್ಡಿಗೂಡು ಹಾಗೇ ಇತ್ತು. ಮರಿ ಹಾರಿಹೋಗಿದ್ದವು. ಕೆಳಗಿನ ಎಲೆಗಳ ಮೇಲೆ ಅವುಗಳ ಹಿಕ್ಕೆಯ ಸುಣ್ಣ ಬಳಿದಂತಿತ್ತು. ಶಗುಫ್ತಾ ಇಳಿದಳು. ಕಲ್ಲಿನ ಬದಿಗೆ ಟೇಪ್ ಹಾಸಿದಳು, ನನ್ನ ಹೆಗಲ ಮೇಲೆ ಫೋನ್ ಊರಿ ಫೋಟೋ ತೆಗೆದಳು.

ಮಧ್ಯಾಹ್ನದವರೆಗೆ ಹತ್ತೂ ಮರ ಮುಗಿದವು. ಎಂಟು ಮರಗಳ ಬುಡದಲ್ಲಿ ಕಲ್ಲುಗಳಿದ್ದವು. ಏಳನೆಯ ಮರದಡಿ ಮೂರೇ. ಮೂರನೆಯ ಸುತ್ತಾದ ಮೇಲೆ ಗಾಳಿಗೆ ಗೂಡು ಬಿತ್ತೆಂದು ಕಾಕಾ ಹೇಳಿದರು. ಕೆಳಗೆ ಪೊದೆಯಲ್ಲಿ ಕಡ್ಡಿಗಳ ಕಂತೆ ಸಿಕ್ಕಿತು. ಒಂದು ಮರದಡಿ ನಾಲ್ಕು, ಅಲ್ಲಿ ಜೋಡಿ ಆಗಸ್ಟಿನಲ್ಲಿ ಬಂದಿತ್ತು. ಯಾವ ತಿಂಗಳು ಬಂದವು, ಯಾವಾಗ ಬಿಟ್ಟವು ಎಂಬುದೆಲ್ಲ ಮರದ ಬುಡದಲ್ಲೇ ಇತ್ತು. ಎರಡು ಮರದಡಿ ಕಲ್ಲೇ ಇರಲಿಲ್ಲ, ಮೇಲೆ ಗೂಡೂ ಇರಲಿಲ್ಲ. ಶಗುಫ್ತಾಗೆ ಎಲ್ಲಕ್ಕಿಂತ ಹೆಚ್ಚು ಸಮಾಧಾನ ತಂದದ್ದು ಆ ಎರಡು. ಕಾಕಾ ಕೇಳಿದವರಿಗೆಲ್ಲ ಹೂಂ ಅನ್ನುವವರಲ್ಲ ಎಂಬುದಕ್ಕೆ ಅದಕ್ಕಿಂತ ಸಾಕ್ಷಿ ಬೇಡ ಅಂದಳು. ತಿರುಗಿ ಬರುವಾಗ ಚಕ್ಕಡಿಯಲ್ಲಿ ನನ್ನ ಮಡಿಲಲ್ಲಿ ತಲೆಯಿಟ್ಟು ನಿದ್ದೆ ಹೋದಳು. ಮೂರು ತಿಂಗಳಲ್ಲಿ ಅವಳು ಹಾಗೆ ನಿದ್ದೆ ಮಾಡಿದ್ದನ್ನು ನಾನು ನೋಡಿರಲಿಲ್ಲ.

ಶನಿವಾರ ಪಂಚಾಯಿತಿಗೆ ಹೋಗಿ ತನ್ನ ವರದಿ ತಪ್ಪು ಎಂದು ಬರೆದುಕೊಟ್ಟಳು. ಮೊದಲು ಇಲ್ಲ ಅಂದಿರಿ, ಈಗ ಇವೆ ಅನ್ನುತ್ತೀರಿ ಎಂದು ಒಬ್ಬ ಸದಸ್ಯರು ರೇಗಿದರು. ರಾಶಿ ಅಳೆಯುವ ಶಂಕ್ರಪ್ಪ ಬಾಗಿಲಲ್ಲಿ ನಿಂತಿದ್ದರು, ಆ ಮಾತು ಅಲ್ಲಿಗೇ ನಿಂತಿತು. ಎಂಟು ಮರಗಳ ಮೇಲಿನ ಕೆಂಪು ಗುರುತಿನ ಮೇಲೆ ಸುಣ್ಣ ಬಳಿದರು. ಸೋಮವಾರ ಲಿಲಾವಾದ ಎರಡನ್ನು ಆ ವಾರವೇ ಕಡಿದರು. ಗರಗಸದ ಸದ್ದು ಕೋಣೆಯವರೆಗೆ ಕೇಳುತ್ತಿತ್ತು. ಎರಡೇ ತಾನೇ ಎಂದು ಅವಳು ನನ್ನನ್ನು ಮೂರು ಸಲ ಕೇಳಿದಳು.

ಸಂಸ್ಥೆ ತಿದ್ದಿದ ಎಣಿಕೆಯನ್ನು ಒಪ್ಪಿತು. ಮೂರನೆಯ ವರ್ಷಕ್ಕೆ ಕಾಕಾರಿಗೆ ಬೇರೆ ರೀತಿ ಕಲಿಸುತ್ತೀಯಾ ಎಂದು ಕೇಳಿದೆ.

“ನಲವತ್ತ ವರ್ಷದ ಕೈ ಬೇ ಅದು. ಬದಲ ಮಾಡಿದ್ರ ಎಲ್ಲರೆ ತಪ್ಪತದ,” ಅಂದಳು. “ಕಾಗದಕ್ಕೇನ ಆಗೂದೈತಿ? ಒಂದ ಗೆರಿ ಜಾಸ್ತಿ ಎಳದ್ರ ಆತು.”

ಗೆರೆ ಎಳೆದಳು. ಅಲ್ಲಿಂದ ಮುಂದೆ ಅವಳ ಹಾಳೆಯಲ್ಲಿ ‘ಚೀಲದಲ್ಲಿ’ ಎಂದೊಂದು ಕಾಲಮ್ಮು, ‘ಬುಡದಲ್ಲಿ’ ಎಂದೊಂದು, ಅದನ್ನು ನಾನು ಹೋಗಿ ನೋಡಿ ತುಂಬುತ್ತಿದ್ದೆ. ಮೂರನೆಯ ವರ್ಷ ಅವಳಿಗೆ ಒಡ್ಡಿನವರೆಗೂ ಬರಲಾಗಲಿಲ್ಲ. ಕಾಕಾ ಹಾಸಿಗೆಯ ಬದಿಗೆ ಕೂತು ಚೀಲ ಒಂದೊಂದಾಗಿ ಕೊಡುತ್ತಿದ್ದರು, ಖಾಲಿ ಚೀಲ ಬಂದಾಗ ಅವಳ ಮುಖ ಅರಳುತ್ತಿತ್ತು. ಆ ವರ್ಷ ಉಳಿದ ಎಂಟು ಮರಗಳಲ್ಲಿ ಎಂಟರಲ್ಲೂ ಕೊಕ್ಕರೆ ಗೂಡಿತ್ತು. ಜನವರಿಯ ಕೊನೆಗೆ ಪ್ರಭಂಜನ ಅವರ ಪತ್ರ ಬಂತು, ನಮ್ಮ ಹಳ್ಳದ ಹೆಸರು ಪಟ್ಟಿಗೆ ಸೇರಿತ್ತು. ಅವಳು ಅದನ್ನು ಎರಡು ಸಲ ಓದಿಸಿಕೊಂಡಳು. ಫೆಬ್ರುವರಿಯ ಹನ್ನೊಂದಕ್ಕೆ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಹೋದಳು. ಅಳ್ನಾವರದಲ್ಲಿ ಮಣ್ಣು ಮಾಡಿದರು.

ಅವಳಿಲ್ಲದ ಕೋಣೆಯ ಬೀಗ ತೆಗೆಯುವುದು ನನಗೆ ಇನ್ನೂ ಕಷ್ಟ. ಆದರೂ ಆ ಡಿಸೆಂಬರಿನಲ್ಲಿ ಕಾಕಾರ ರಾಶಿ ನಾಲ್ಕು ದಿನ ತಡವಾಗಲಿಲ್ಲವಲ್ಲ ಎಂದು ನೆನೆದಾಗೆಲ್ಲ ಎದೆ ಹಗುರಾಗುತ್ತದೆ. ಹಕ್ಕಿಗಳು ತನ್ನಿಂದ ಹೋದವು ಎಂದುಕೊಂಡು ಅವಳು ಸಾಯಲಿಲ್ಲ. ನನಗೆ ಅಷ್ಟು ಸಾಕು.

ಫೆಲೋಶಿಪ್ ಮುಗಿದಿದೆ. ಎಣಿಕೆ ನಿಲ್ಲಬಾರದೆಂದು ಈ ವರ್ಷ ನಾನು ಮುಂದುವರಿಸಿದ್ದೇನೆ. ಅಜೀಜಾಬಿಯವರಿಂದ ಚೀಲಗಳನ್ನು ತಂದ ಮರು ರವಿವಾರ ಕಾಕಾ ಮತ್ತು ನಾನು ಹಳ್ಳಕ್ಕೆ ಹೋದೆವು. ಸಣ್ಣಗೆ ಜಿನುಗುತ್ತಿತ್ತು. ಮೊದಲ ಹೊಳೆಮತ್ತಿಯ ಮೇಲೆ ಬಿಳಿ ಕುತ್ತಿಗೆಯ ಹಕ್ಕಿ ನಿಂತಿತ್ತು, ನಮ್ಮನ್ನು ನೋಡಿ ಏಳಲಿಲ್ಲ. ಕಾಕಾ ಬಾಯಿಬಿಡಲಿಲ್ಲ. ಬಗ್ಗಿ ಬೇರುಗಳ ಸಂದಿಗೆ ಒಂದು ಬಿಳಿ ಕಲ್ಲಿಟ್ಟರು, ಕೆಂಪು ದಾರದ ಚೀಲವನ್ನು ನನ್ನ ಕೈಗೆ ಕೊಟ್ಟರು. ಚೀಲ ಖಾಲಿಯಿತ್ತು. ನಾನು ಒಂದು ಎಂದು ಬರೆದೆ.